ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಫೆಂಟನಿಲ್ ಯಾಕೆ ಬೆರೆಸುತ್ತಾರೆ?

ಮರಗಟ್ಟಿಸುವ ಔಷಧಿ ಒಂದೇ ಸಾಲದಾ, ಫೆಂಟನಿಲ್‌ನಂಥ ಚಟ ಹತ್ತುವ ನೋವಿನ ಮದ್ದನ್ನು ಹೆಂಡತಿಯ ಬೆನ್ನಿಗೆ ಯಾಕೆ ಹಾಕಬೇಕು ಅಂತ ಕೇಳಿದ್ದೀರಿ. ನಾನು ಅರಿವಳಿಕೆ ಡಾಕ್ಟರ್. ಇದನ್ನು ಬೆರೆಸುವುದೇ ನನ್ನ ದಿನದ ಕೆಲಸ.

ಒಂದೇ ಔಷಧಿಯಲ್ಲೂ ಆಗುತ್ತದೆ, ಆದರೆ ಜಾಸ್ತಿ ಹಾಕಬೇಕು. ಮರಗಟ್ಟಿಸುವ ಔಷಧಿಯಾದ ಬುಪಿವಕೇನ್ ನರಗಳ ಒಳಗೆ ಸೋಡಿಯಂ ಹೋಗುವ ದಾರಿ ಮುಚ್ಚುತ್ತದೆ. ನೋವು ಗೊತ್ತಾಗುವುದಿಲ್ಲ, ಕಾಲೂ ಎತ್ತಲಾಗುವುದಿಲ್ಲ. ಜೊತೆಗೆ ರಕ್ತನಾಳಗಳನ್ನು ಬಿಗಿ ಹಿಡಿದಿರುವ ನರಗಳೂ ಮಲಗಿಬಿಡುತ್ತವೆ, ಬಿ.ಪಿ. ಇಳಿಯುತ್ತದೆ. ಡೋಸ್ ಏರಿದಷ್ಟೂ ಈ ಕಾಟ ಜಾಸ್ತಿ. ಫೆಂಟನಿಲ್ ಕೆಲಸ ಮಾಡುವುದು ಬೆನ್ನುಹುರಿಯ ಒಳಗೇ, ನೋವಿನ ಸುದ್ದಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ. ಕಾಲಿನ ಬಲದ ತಂಟೆಗೆ ಅದು ಹೋಗುವುದಿಲ್ಲ. ಎರಡೂ ಸೇರಿದರೆ ಬುಪಿವಕೇನ್ ಕಡಿಮೆ ಸಾಕು.

ಫರಕು ಗೊತ್ತಾಗುವುದು ಮಗು ಹೊರಬಂದ ಮೇಲೆ. ಚರ್ಮ ಕೊಯ್ದದ್ದೇ ತಿಳಿಯದವರು ಗರ್ಭಕೋಶ ಹೊಲಿಯುವಾಗ ಮುಖ ಕಿವುಚುತ್ತಾರೆ. "ಒಳಗೆ ಏನೋ ಜಗ್ತಾ ಇದೆ ಡಾಕ್ಟ್ರೇ, ವಾಂತಿ ಬರೋ ಹಾಗಿದೆ" ಅನ್ನುತ್ತಾರೆ. ಫೆಂಟನಿಲ್ ಸೇರಿಸಿದ್ದರೆ ಈ ಮಾತು ಕೇಳುವುದು ಕಡಿಮೆ. ಹಾಕುವುದಾದರೂ ಎಷ್ಟು? 10ರಿಂದ 25 ಮೈಕ್ರೋಗ್ರಾಂ, ಅಂದರೆ ಆಂಪೂಲ್‌ನಿಂದ ಹೆಚ್ಚೆಂದರೆ ಅರ್ಧ ಮಿಲಿಲೀಟರ್. ಒಂದು ಸಲಕ್ಕೆ, ಇಷ್ಟು ಚೂರಿಗೆ, ಚಟ ಹತ್ತುವುದಿಲ್ಲ. ಮಗುವಿಗೆ ತಲುಪುವುದೂ ತೀರಾ ಕಡಿಮೆ. ಹೊಸ ಪ್ರಯೋಗವೂ ಅಲ್ಲ ಬಿಡಿ: ಆಗ ಮರಗಟ್ಟಿಸಲು ಬಳಸುತ್ತಿದ್ದ ಕೊಕೇನ್ ಜೊತೆ ಮಾರ್ಫಿನ್ ಬೆರೆಸಿ ಬೆನ್ನಿಗೆ ಕೊಟ್ಟದ್ದನ್ನು ರೊಮೇನಿಯಾದ ಸರ್ಜನ್ ಒಬ್ಬರು 1901ರಲ್ಲೇ ಪ್ಯಾರಿಸ್‌ನಲ್ಲಿ ವರದಿ ಮಾಡಿದ್ದರು.

ಮಾರ್ಫಿನ್ ಕೂಡ ಫೆಂಟನಿಲ್ ಜಾತಿಯದೇ, ಆದರೆ ಅದರ ಕಥೆ ಬೇರೆ. ಫೆಂಟನಿಲ್ ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ಬೆನ್ನುಹುರಿಗೆ ಬೇಗ ಇಳಿದು ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಮಾರ್ಫಿನ್ ಸುತ್ತಲಿನ ದ್ರವದಲ್ಲೇ ಉಳಿದು ನಿಧಾನಕ್ಕೆ ಮೇಲೇರುತ್ತದೆ. 100ರಿಂದ 150 ಮೈಕ್ರೋಗ್ರಾಂ ಹಾಕಿದರೆ ಆಪರೇಷನ್ ಆದ ರಾತ್ರಿಯೂ ನೋವು ಹದ್ದುಬಸ್ತಿನಲ್ಲಿರುತ್ತದೆ. ಆದರೆ ಎಷ್ಟೋ ಗಂಟೆ ಆದಮೇಲೆ ಉಸಿರಾಟ ನಿಧಾನವಾಗುವ ಅಪಾಯವೂ ಇದೆ. ಈ ಡೋಸಿಗೆ ಅಪರೂಪ, ಆದರೂ ಕಣ್ಣಿಟ್ಟಿರಬೇಕು. ನರ್ಸ್ ಮಧ್ಯರಾತ್ರಿ ಬಂದು ಉಸಿರು ಎಣಿಸಿದರೆ, ಮಾತಾಡಿಸಿ ಮಂಪರು ಎಷ್ಟಿದೆ ನೋಡಿದರೆ, ಸುಮ್ನೆ ನಿದ್ದೆ ಕೆಡಿಸುತ್ತಾರೆ ಅಂತ ರೇಗಬೇಡಿ.

ಇನ್ನು ತುರಿಕೆ. ಇದು ಬಹಳ ಜನಕ್ಕೆ ಆಗುತ್ತದೆ, ಮಾರ್ಫಿನ್ ಹಾಕಿದರೆ ಇನ್ನೂ ಜಾಸ್ತಿ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮೂಗು ಉಜ್ಜುತ್ತಲೇ ಇರುತ್ತಾರೆ. ಬರೀ ತುರಿಕೆ, ದದ್ದಿಲ್ಲ ಅಂದರೆ ಸಾಮಾನ್ಯವಾಗಿ ಅಲರ್ಜಿ ಅಲ್ಲ. ಅದಕ್ಕೇ ಅಲರ್ಜಿ ಮಾತ್ರೆಯಿಂದ ನಿದ್ದೆ ಬಂದೀತೇ ಹೊರತು ತುರಿಕೆ ಅಷ್ಟಾಗಿ ನಿಲ್ಲುವುದಿಲ್ಲ. ಜಾಸ್ತಿ ಆದರೆ ನಮ್ಮನ್ನು ಕರೆಸಿ, ಬೇರೆ ಮದ್ದಿದೆ.

ಆಪರೇಷನ್‌ಗೆ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಫೆಂಟನಿಲ್ ಮಾತ್ರವಾ, ಮಾರ್ಫಿನ್ ಕೂಡ ಇದೆಯಾ? ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ತೊಂದರೆ ನಿಮ್ಮ ಹೆಂಡತಿಗೆ ಇದ್ದರೆ, ಅವರು ಕೇಳದಿದ್ದರೂ ನೀವೇ ಹೇಳಿ.