ಮಿಂಚಂಚೆಯಲ್ಲಿರುವ ಮಿಂಚು ಯಾವುದು?

ಪ್ರಶ್ನೆ: ಮಗಳ ಕಾಲೇಜಿನ ಅರ್ಜಿಯಲ್ಲಿ ‘ಮಿಂಚಂಚೆ ವಿಳಾಸ’ ಎಂದು ಅಚ್ಚಾಗಿತ್ತು. ಮಿಂಚಿನ ವೇಗದಲ್ಲಿ ತಲುಪುವುದರಿಂದ ಈ ಹೆಸರು ಬಂತೇ? ‘ಇ-ಮೇಲ್’ ಪದದ ಮೂಲಾರ್ಥವೇನು?
– ಓದುಗರೊಬ್ಬರು, ಶಿರಸಿ

ಉತ್ತರ: ವೇಗಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಇಲ್ಲಿ ಮಿಂಚು ಎಂದರೆ ವಿದ್ಯುತ್ತು. ಸಂಸ್ಕೃತದಲ್ಲಿ ‘ವಿದ್ಯುತ್’ ಎಂದರೆ ಮೂಲತಃ ಆಕಾಶದಲ್ಲಿ ಹೊಳೆಯುವ ಮಿಂಚೇ. ಹಾಗಾಗಿ ‘ವಿದ್ಯುನ್ಮಾನ ಅಂಚೆ’ ಎಂದು ಉದ್ದಕ್ಕೆ ಹೇಳುವುದನ್ನೇ ‘ಮಿಂಚಂಚೆ’ ಚಿಕ್ಕದಾಗಿ ಹೇಳುತ್ತದೆ. ಮಿಂಚು, ಅಂಚೆ ಕೂಡಿದಾಗ ಉಕಾರ ಬಿದ್ದುಹೋಗಿದೆ. ಊರೂರು ಎಂಬಲ್ಲಿ ಆಗುವ ಲೋಪಸಂಧಿಯೇ ಇದು. ತಮಿಳರ ‘ಮಿನ್ನಂಜಲ್’ ಕೂಡ ಇದೇ ಅಚ್ಚಿನದು.

‘ಇ-ಮೇಲ್’ನ ‘ಇ’ ಎಂದರೆ ಎಲೆಕ್ಟ್ರಾನಿಕ್. ಗ್ರೀಕರು ‘ಎಲೆಕ್ಟ್ರಾನ್’ ಎಂದು ಕರೆದದ್ದು ಮರದ ಅಂಟು ಗಟ್ಟಿಯಾಗಿ ಆದ ಅಂಬರ್ ಎಂಬ ಹಳದಿ ಹರಳನ್ನು. ಉಣ್ಣೆಯ ಬಟ್ಟೆಗೆ ಚೆನ್ನಾಗಿ ಉಜ್ಜಿ ಒಣಹುಲ್ಲಿನ ಚೂರುಗಳ ಬಳಿ ಹಿಡಿದರೆ ಅವು ಎದ್ದುಬಂದು ಹರಳಿಗೆ ಅಂಟಿಕೊಳ್ಳುತ್ತವೆ. ಈ ಗುಣಕ್ಕೆ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಆ ಹರಳಿನ ಹೆಸರಿನಿಂದಲೇ ಲ್ಯಾಟಿನ್ ಪದ ಕಟ್ಟಿದ. ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಪದಗಳು ಹೊರಟದ್ದು ಅಲ್ಲಿಂದಲೇ. ಅದೇ ಹರಳಿಗೆ ಸಂಸ್ಕೃತದಲ್ಲಿ ‘ತೃಣಮಣಿ’, ಅಂದರೆ ಹುಲ್ಲನ್ನು ಸೆಳೆಯುವ ಮಣಿ ಎಂಬ ಹೆಸರಿದೆ. ಈ ಪದ ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು ‘ಮೇಲ್’. ಹಳೆಯ ಫ್ರೆಂಚಿನಲ್ಲಿ ಅದು ಪ್ರಯಾಣದ ಚೀಲ. ಕಾಗದ ತುಂಬಿದ ಚೀಲದ ಹೆಸರು ಒಳಗಿನ ಕಾಗದಕ್ಕೂ, ಮುಂದೆ ಇಡೀ ವ್ಯವಸ್ಥೆಗೂ ಅಂಟಿತು.

ನಮ್ಮ ‘ಅಂಚೆ’ ಹುಟ್ಟಿನಿಂದಲೇ ವ್ಯವಸ್ಥೆಯ ಹೆಸರು. ಚಿಕ್ಕದೇವರಾಜ ಒಡೆಯರ (1673–1704) ಆಡಳಿತದಲ್ಲೇ ಮೈಸೂರಿಗೆ ಅಂಚೆ ಇಲಾಖೆ ಇತ್ತು. ಬ್ರಿಟಿಷ್ ಭಾರತದ ಅಂಚೆಯೊಡನೆ ಅದು ಸೇರಿದ್ದು 1889ರಲ್ಲಿ. ಹಂಸದ ತದ್ಭವವೂ ‘ಅಂಚೆ’ಯೇ ಆದ್ದರಿಂದ, ನಳ-ದಮಯಂತಿಯರ ನಡುವೆ ಸುದ್ದಿ ಒಯ್ದ ಹಂಸದಿಂದಲೇ ಈ ಪದ ಬಂತೆಂದು ಹಲವರು ಹೇಳುತ್ತಾರೆ. ಕೇಳಲು ಸೊಗಸು, ಆದರೆ ನಾನು ಒಪ್ಪುವುದಿಲ್ಲ. ತಮಿಳು, ಮಲಯಾಳಗಳಲ್ಲಿ ಟಪಾಲಿಗೆ ‘ಅಂಚಲ್’ ಎಂಬ ಪದವಿದೆ. ಹಂಸಕ್ಕೆ ಮಾತ್ರ ಅಲ್ಲಿ ‘ಅನ್ನಂ’ ಎನ್ನುತ್ತಾರೆ. ಆ ಭಾಷೆಗಳಲ್ಲಿ ಹಕ್ಕಿಗೂ ಟಪಾಲಿಗೂ ನಂಟೇ ಕಾಣುವುದಿಲ್ಲ.

ಇಂದಿನ ರೂಪದ ಮಿಂಚಂಚೆ 1971ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್, ಇಂಟರ್ನೆಟ್ಟಿಗೆ ಮೊದಲಿದ್ದ ಅರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಎರಡೂ ಯಂತ್ರಗಳು ಅಕ್ಕಪಕ್ಕದಲ್ಲೇ ಇದ್ದವು. ಬಳಕೆದಾರರ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ‘ಅಟ್’ (@) ಚಿಹ್ನೆಯನ್ನು ಆರಿಸಿದವರೂ ಅವರೇ.

ಬಳಸುವಾಗ ಒಂದು ಎಚ್ಚರ ಬೇಕು. ‘ಅಂಚೆ ಬರೆದೆ’ ಎಂದು ನಾವು ಹೇಳುವುದಿಲ್ಲ, ಕಾಗದ ಬರೆದು ಅಂಚೆಗೆ ಹಾಕುತ್ತೇವೆ. ಹಾಗೆಯೇ ‘ಮಿಂಚಂಚೆ ಬರೆದೆ’ ಎನ್ನುವುದಕ್ಕಿಂತ ‘ಮಿಂಚಂಚೆಯಲ್ಲಿ ಬರೆದೆ’, ‘ಮಿಂಚಂಚೆಯಲ್ಲಿ ಕಳುಹಿಸಿದೆ’ ಎಂದರೆ ಕನ್ನಡ ಕಿವಿಗೆ ಒಗ್ಗುತ್ತದೆ. ಬರೆದ ಕಾಗದಕ್ಕೇ ಹೆಸರು ಬೇಕಿದ್ದರೆ ‘ಮಿಂಚೋಲೆ’ ಇದೆ.