ಸ್ಟೆಡಿಯೋ, ಸ್ಟೇಬಲ್ಲೋ?

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಯಲ್ಲಿ ಮೆಕ್ಕೆಜೋಳದ ಧಾರಣೆ ‘ಸ್ಟೆಡಿ’ ಎಂದಿರುತ್ತದೆ. ಆಸ್ಪತ್ರೆಯಲ್ಲಿ ರೋಗಿ ‘ಸ್ಟೇಬಲ್’ ಅನ್ನುತ್ತಾರೆ. ಎರಡಕ್ಕೂ ಕನ್ನಡದಲ್ಲಿ ‘ಸ್ಥಿರ’ ಎಂದೇ ಓದಿದ್ದೇವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಲ್ಲ ಕಡೆ ಆಗದು. ಬದಲಾಗುತ್ತಲೇ ಇರುವುದನ್ನೂ ಸ್ಟೆಡಿ ಎನ್ನಬಹುದು, ಸ್ಟೇಬಲ್ ಎನ್ನಲಾಗದು.

ಹಿರಿಯೂರಿನ ಹತ್ತಿರದ ಮಾರಿಕಣಿವೆಯನ್ನೇ, ಅಂದರೆ ವಾಣಿವಿಲಾಸ ಸಾಗರವನ್ನೇ, ನೋಡಿ. ನೀರಿನ ಮಟ್ಟ ದಿನಕ್ಕೆ ಅರ್ಧ ಅಡಿಯಂತೆ ಒಂದೇ ಸಮನೆ ಏರುತ್ತಿದ್ದರೆ ಅದು ‘ಸ್ಟೆಡಿ ರೈಸ್’. ಮಟ್ಟ ನಿಂತಿಲ್ಲ, ಏರುವ ವೇಗ ಮಾತ್ರ ಬದಲಾಗಿಲ್ಲ. 130 ಅಡಿ ಮುಟ್ಟಿ ಕೋಡಿ ಬಿದ್ದ ಮೇಲೆ ಬಂದಷ್ಟೂ ನೀರು ಹೊರಗೆ ಹರಿದು ಮಟ್ಟ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. 1933ರ ನಂತರ 2022ರಲ್ಲಿ ಹೀಗೆ ಕೋಡಿ ಬಿದ್ದಿತ್ತು. ಆ ಮಟ್ಟ ‘ಸ್ಟೇಬಲ್’. ಏರಿಕೆಗೆ ‘ಸ್ಟೇಬಲ್ ರೈಸ್’ ಎಂದು ಬರೆದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಧಾರಣೆ ಸ್ಟೆಡಿ ಎಂದರೆ ನಿನ್ನೆಯ ದರವೇ ಇವತ್ತೂ ನಡೆದಿದೆ ಎಂದರ್ಥ. ಅಲ್ಲಿ ಸ್ಟೇಬಲ್ ಹಾಕಿದರೂ ನಡೆಯುತ್ತದೆ. ಆದರೆ ಕ್ವಿಂಟಲ್‌ಗೆ ವಾರವಾರವೂ 20 ರೂಪಾಯಿ ಇಳಿಯುತ್ತಿದ್ದರೆ ‘ಸ್ಟೆಡಿ ಫಾಲ್’ ಒಂದೇ ಸರಿ. ಹಾಗಾಗಿ ಸ್ಟೆಡಿ ಕಂಡ ಕೂಡಲೇ ಮುಂದಿನ ಪದ ನೋಡಿ; ಏರಿಕೆಯೋ ಇಳಿಕೆಯೋ ಅದೇ ಹೇಳುತ್ತದೆ.

ಸ್ಟೇಬಲ್‌ಗೆ ಇನ್ನೊಂದು ಗುಣವಿದೆ: ತಳ್ಳಿದರೂ ತನ್ನ ಜಾಗಕ್ಕೆ ಮರಳುವುದು. ಬೋಗುಣಿಯ ತಳದಲ್ಲಿ ಗೋಲಿ ಹಾಕಿ ಬೆರಳಿನಿಂದ ದೂಡಿ, ಓಲಾಡಿ ಮತ್ತೆ ತಳಕ್ಕೇ ಬರುತ್ತದೆ. ಅದು ಸ್ಟೇಬಲ್. ಬೋಗುಣಿಯನ್ನು ಬೋರಲು ಹಾಕಿ ಗೋಲಿಯನ್ನು ನೆತ್ತಿಯ ಮೇಲೆ ಕೂರಿಸಿದರೆ ಕ್ಷಣಹೊತ್ತು ಅಲುಗದೆ ನಿಂತೀತು. ಆ ಕ್ಷಣಕ್ಕೆ ಸ್ಟೆಡಿ, ಸ್ಟೇಬಲ್ ಖಂಡಿತ ಅಲ್ಲ. ಉಸಿರು ತಾಗಿದರೂ ಉರುಳುತ್ತದೆ.

ಆಸ್ಪತ್ರೆಯ ಮಾತನ್ನು ಮಾತ್ರ ಎಚ್ಚರದಿಂದ ಕೇಳಿ. ಸ್ಟೇಬಲ್ ಎಂದರೆ ನಾಡಿ, ರಕ್ತದೊತ್ತಡ, ಉಸಿರಾಟ ಸದ್ಯಕ್ಕೆ ಏರುಪೇರಾಗುತ್ತಿಲ್ಲ ಎಂದು. ಗುಣವಾಗಿದೆ ಎಂದಲ್ಲ. ‘ಕ್ರಿಟಿಕಲ್ ಬಟ್ ಸ್ಟೇಬಲ್’ ಎನ್ನುವುದೂ ಉಂಟು: ಸ್ಥಿತಿ ಗಂಭೀರವೇ, ಇನ್ನೂ ಕೆಡುತ್ತಿಲ್ಲ ಅಷ್ಟೆ. ಮನೆಯವರು ‘ಅಪಾಯ ಕಳೆದಿದೆಯಾ ಡಾಕ್ಟ್ರೇ?’ ಎಂದು ಬಿಡಿಸಿ ಕೇಳುವುದೇ ಒಳ್ಳೆಯದು.

ಸೂಜಿಗೆ ದಾರ ಪೋಣಿಸುವ ಕೈ ಯಾವತ್ತೂ ಸ್ಟೆಡಿ. ಏಣಿ ಹಿಡಿದವರಿಗೆ ಹೇಳುವುದೂ ‘ಹೋಲ್ಡ್ ಇಟ್ ಸ್ಟೆಡಿ’ ಎಂದೇ. ಉಚ್ಚರಿಸುವಾಗ ‘ಸ್ಟೆ’ಯನ್ನು ಬಿಡಿಸಿ ಹೇಳಿ, ‘ಸ್ಟಡಿ’ ಎಂದರೆ ಓದು ಎಂದಾಗಿಬಿಡುತ್ತದೆ.