ಡಬಲ್ಸ್ ಆಡಿದರೆ ಮುಂದೆ ಜೀವನ ಆಗುತ್ತಾ?

ಮಗಳಿಗೆ 13 ವರ್ಷ, ಬ್ಯಾಡ್ಮಿಂಟನ್ ಕೋಚ್ ಅವಳನ್ನು ಡಬಲ್ಸ್‌ಗೆ ಹಾಕಿದ್ದಾರೆ, ಸಿಂಗಲ್ಸ್ ಆಗದವರಿಗೆ ಡಬಲ್ಸ್ ಅಂತಾರಲ್ಲ, ಅದರಲ್ಲಿ ಜೀವನ ಆಗುತ್ತಾ ಅಂತ ಕೇಳಿದ್ದೀರಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವ. ಅಡಿಕೆ ಒಣಗಿಸುವ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಆಡಿದವರು ನಾವು. ಅಡಿಕೆ ಅಂಗಳಕ್ಕೆ ಬಂದರೆ ಆಟ ಬಂದ್. ಕಾಯುವವರು ಜಾಸ್ತಿ ಇದ್ದದ್ದರಿಂದ ಬರೀ ಡಬಲ್ಸೇ. ಆಮೇಲೆ ಕಾಲೇಜು ಟೀಮಿನಲ್ಲೂ ಮೂರು ವರ್ಷ ಅದನ್ನೇ ಆಡಿದೆ. ಪ್ರೊಫೆಷನಲ್ ಆಗಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೇನೆ.

'ಸಿಂಗಲ್ಸ್ ಆಗದವರಿಗೆ' ಅನ್ನೋದು ಸುಮ್ನೆ ಮಾತು. ಕೋರ್ಟಿನ ಅಗಲ ಸಿಂಗಲ್ಸ್‌ಗೆ 5.18 ಮೀಟರ್, ಡಬಲ್ಸ್‌ಗೆ 6.10. ಒಂದು ಮೀಟರೂ ಹೆಚ್ಚಿಲ್ಲ, ಜನ ಮಾತ್ರ ಎರಡರಷ್ಟು. ಉಸಿರು ಬಿಡುವ ಮೊದಲೇ ಶಟಲ್ ವಾಪಸ್ ಬಂದಿರುತ್ತದೆ. ಸರ್ವ್ ಹಿಂದಿನ ಗೆರೆಗೆ 76 ಸೆಂಟಿಮೀಟರ್ ಮೊದಲೇ ಬೀಳಬೇಕು. ಎತ್ತಿ ಕೊಟ್ಟಿರೋ, ಸ್ಮ್ಯಾಶ್ ಮುಖಕ್ಕೇ. ಅದಕ್ಕೇ ಗರಿಯ ತುದಿ ಹಿಡಿದು, ಬ್ಯಾಕ್‌ಹ್ಯಾಂಡ್‌ನಲ್ಲಿ ಮೆಲ್ಲ ತಳ್ಳಿ, ನೆಟ್ ಮೇಲೆ ಒಂದು ಬೆರಳಷ್ಟೇ ಜಾಗ ಬಿಟ್ಟು ದಾಟಿಸಬೇಕು. ಇದೊಂದಕ್ಕೇ ನಾನು ದಿನಾ ಅರ್ಧ ಗಂಟೆ ಕೊಡುತ್ತಿದ್ದೆ.

ಹಣದ ವಿಷಯ ನೇರವಾಗಿ ಹೇಳ್ತೇನೆ. ಅಂತಾರಾಷ್ಟ್ರೀಯ ಟೂರ್ನಿಗಳಲ್ಲಿ ಸಿಂಗಲ್ಸ್ ಗೆದ್ದವರಿಗೆ ಒಟ್ಟು ಬಹುಮಾನದ ಶೇ. 7, ಡಬಲ್ಸ್ ಜೋಡಿಗೆ ಶೇ. 7.4. ಹತ್ತು ಲಕ್ಷ ಡಾಲರ್ ಟೂರ್ನಿ ಅಂದರೆ ಅಲ್ಲಿ ಒಬ್ಬರಿಗೇ 70,000, ಇಲ್ಲಿ ತಲೆಗೆ 37,000. ಬೆವರು ಅಷ್ಟೇ ಮಾರಾಯ್ರೆ! ನಮ್ಮ ದೇಶದಲ್ಲಿ ರೈಲ್ವೆ, ಪೆಟ್ರೋಲಿಯಂ ಕಂಪನಿಗಳು ಕ್ರೀಡಾ ಕೋಟಾದಲ್ಲಿ ಕೊಡುವ ನೌಕರಿಯೇ ಹಲವರಿಗೆ ಆಧಾರ.

ಅದಕ್ಕಿಂತ ದೊಡ್ಡ ತಲೆಬಿಸಿ ಪಾರ್ಟ್ನರ್. ರ‍್ಯಾಂಕಿಂಗ್ ಜೋಡಿಗೆ ಸೇರಿದ್ದು, ಜೋಡಿ ಮುರಿದರೆ ಹೊಸ ಜೋಡಿ ಮತ್ತೆ ಕೆಳಗಿನಿಂದ ಹತ್ತಬೇಕು. ನನ್ನ ಪಾರ್ಟ್ನರ್‌ಗೆ ದುಬೈ ವೀಸಾ ಬಂತು. ಮಧ್ಯಕ್ಕೆ ಬಂದ ಶಟಲ್ ಯಾರದು ಅಂತ ನಾವಿಬ್ಬರೂ ಬಾಯಿ ಬಿಡದೆ ತೀರ್ಮಾನಿಸುತ್ತಿದ್ದೆವು. ಹೊಸಬನ ಜೊತೆ ಮೊದಲ ಮ್ಯಾಚಿನಲ್ಲೇ ರ‍್ಯಾಕೆಟ್‌ಗೆ ರ‍್ಯಾಕೆಟ್ ಬಡಿದು ನನ್ನದು ಬಿರುಕು ಬಿಟ್ಟಿತು. ಅಲ್ಲಿಗೆ ನಿಲ್ಲಿಸಿಬಿಟ್ಟೆ. ನಾನು ಬೇಗ ಸೋತೆ, ಒಪ್ಪುತ್ತೇನೆ.

ಯಾಕೆಂದರೆ ಭಾರತದ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಹಾಗೆ ನಿಲ್ಲಿಸಲಿಲ್ಲ. 2011ರಲ್ಲಿ ಜ್ವಾಲಾ ಗುಟ್ಟಾ ಜೊತೆ ವಿಶ್ವ ಚಾಂಪಿಯನ್‌ಶಿಪ್ ಕಂಚು, 2024ರಲ್ಲಿ ತನಿಷಾ ಕ್ರಾಸ್ಟೊ ಜೊತೆ ಪ್ಯಾರಿಸ್ ಒಲಿಂಪಿಕ್ಸ್. ನಡುವೆ 13 ವರ್ಷ!

ದೂರ ಯಾಕೆ, ನಮ್ಮ ಜಿಲ್ಲೆಯ ಗಡಿಗೆ ತಾಗಿರುವ ಚೆರುಪುಳ ಕಡೆಯ ಟ್ರೀಸಾ ಜಾಲಿಯನ್ನೇ ನೋಡಿ. ಅಪ್ಪ ದೈಹಿಕ ಶಿಕ್ಷಣದ ಮಾಸ್ಟ್ರು, ಮನೆ ಹತ್ತಿರವೇ ಮಣ್ಣಿನ ಕೋರ್ಟ್ ಮಾಡಿಕೊಟ್ಟರು. ಮುಂದೆ ಹೈದರಾಬಾದಿಗೆ ಹೋಗಿ ಗಾಯತ್ರಿ ಗೋಪಿಚಂದ್ ಜೊತೆ ಜೋಡಿಯಾದಳು. 2022ರ ಆಲ್ ಇಂಗ್ಲೆಂಡ್ ಅನ್ನೋ ದೊಡ್ಡ ಟೂರ್ನಿಗೆ ಇಬ್ಬರೂ ಮೀಸಲು ಜೋಡಿಗಳ ಪಟ್ಟಿಯಿಂದ ಒಳಬಂದವರು, ಸೆಮಿಫೈನಲ್‌ವರೆಗೆ ಹೋದರು. ಮರುವರ್ಷ ಮತ್ತೆ ಸೆಮಿಫೈನಲ್.

ಮಗಳಿಗೆ ಈಗಲೇ ಸಿಂಗಲ್ಸ್ ಪೂರ್ತಿ ಬಿಡಿಸಬೇಡಿ, ಕಾಲಿನ ಓಟ ಅದರಿಂದಲೇ ಬರುವುದು. ಪಾರ್ಟ್ನರ್ ಯಾರು ಅಂತ ನೀವು ಬರೆದಿಲ್ಲ. ಒಂದು ದಿನ ಹೋಗಿ ಕುಳಿತು ನೋಡಿ: ಪಾಯಿಂಟ್ ಹೋದಾಗ ಇಬ್ಬರೂ ಹತ್ತಿರ ಬಂದು ಏನಾದರೂ ಮಾತಾಡಿಕೊಳ್ಳುತ್ತಾರಾ, ಇಲ್ಲ ಒಬ್ಬಳು ಸೀದಾ ನಿಮ್ಮ ಮುಖ ನೋಡುತ್ತಾಳಾ?